ನ್ಯೂಟ್ರಾನ್ ನಕ್ಷತ್ರಗಳ ಸಂಶೋಧನೆ: ಮುಂದೇನು, ಯಾರ ಜೊತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ವಿದ್ಯಾರ್ಥಿಗಳು, ಮೇಷ್ಟ್ರುಗಳು, ಪೇಪರಿನಲ್ಲಿ ಸುದ್ದಿ ಓದಿ ಕುತೂಹಲ ಹುಟ್ಟಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ನ್ಯೂಟ್ರಾನ್ ನಕ್ಷತ್ರ ಅಂದರೇನು? ಚುಟುಕಾಗಿ ಹೇಳಿ.

ಸೂರ್ಯನ ಎಂಟು ಪಟ್ಟಿಗಿಂತ ಜಾಸ್ತಿ ತೂಕದ ನಕ್ಷತ್ರದ ಇಂಧನ ಮುಗಿದಾಗ ಅದರ ತಿರುಳು ತನ್ನದೇ ಭಾರಕ್ಕೆ ಕುಸಿಯುತ್ತದೆ. ಹೊರಗಿನದೆಲ್ಲ ಸೂಪರ್‌ನೋವಾ ಆಗಿ ಸಿಡಿದು ಹೋಗುತ್ತದೆ. ತೀರಾ ಭಾರಿ ನಕ್ಷತ್ರವಾದರೆ ಕೊನೆಗೆ ಕಪ್ಪುಕುಳಿ. ಇಲ್ಲದಿದ್ದರೆ ಸೂರ್ಯನ ಸುಮಾರು 1.4 ಪಟ್ಟು ತೂಗುವ, ಅಡ್ಡಗಲ ಬರೀ 24 ಕಿ.ಮೀ. ಆಸುಪಾಸಿನ, ಹೆಚ್ಚಾಗಿ ನ್ಯೂಟ್ರಾನ್ ಕಣಗಳದ್ದೇ ಆದ ಒಂದು ಗುಂಡು ಉಳಿಯುತ್ತದೆ. ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಅಷ್ಟೇ ದೂರ.

ನ್ಯೂಟ್ರಾನ್ ಕಣ ಪತ್ತೆಯಾದದ್ದು 1932ರಲ್ಲಿ. ಎರಡೇ ವರ್ಷಕ್ಕೆ ಖಗೋಳ ವಿಜ್ಞಾನಿಗಳಾದ ಬಾಡೆ ಮತ್ತು ಝ್ವಿಕಿ ಇಂಥ ನಕ್ಷತ್ರ ಇರಬಹುದು ಅಂದರು. ಕಣ್ಣಿಗೆ ಬೀಳಲು 1967ರವರೆಗೆ ಕಾಯಬೇಕಾಯಿತು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಜೋಸಲಿನ್ ಬೆಲ್, ರೇಡಿಯೋ ದಾಖಲೆಯ ಕಾಗದದ ಮೇಲೆ 1.33 ಸೆಕೆಂಡಿಗೊಮ್ಮೆ ಬರುವ ಮಿಡಿತ ಕಂಡರು. ಅದೇ ಮೊದಲ ಪಲ್ಸಾರ್, ಅಂದರೆ ಗಿರಗಿರ ತಿರುಗುತ್ತ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ.

ಐವತ್ತು ವರ್ಷಕ್ಕೂ ಮೇಲಾಯಿತು. ಇನ್ನೂ ಗೊತ್ತಿಲ್ಲದ್ದು ಏನಿದೆ?

ಒಳಗೆ ಏನಿದೆ ಅನ್ನೋದೇ ಗೊತ್ತಿಲ್ಲ. ಹೊರಚಿಪ್ಪಿನ ಬಗ್ಗೆ ತಕ್ಕಮಟ್ಟಿಗೆ ತಿಳಿದಿದೆ. ನಡುವಿನ ತಿರುಳಿನಲ್ಲಿ ಸಾಂದ್ರತೆ ಪರಮಾಣುವಿನ ಬೀಜದ ಹಲವು ಪಟ್ಟು. ಅಲ್ಲಿ ನ್ಯೂಟ್ರಾನ್‌ಗಳು ನ್ಯೂಟ್ರಾನ್‌ಗಳಾಗಿಯೇ ಇರುತ್ತವೋ, ಹೈಪೆರಾನ್ ಅನ್ನುವ ಭಾರದ ಕಣಗಳಾಗುತ್ತವೋ, ಕರಗಿ ತಮ್ಮೊಳಗಿನ ಕ್ವಾರ್ಕ್ ಅನ್ನುವ ಇನ್ನೂ ಸಣ್ಣ ಕಣಗಳ ಸಾರಾಗುತ್ತವೋ, ಯಾರೂ ಎದೆ ತಟ್ಟಿ ಹೇಳುವ ಹಾಗಿಲ್ಲ. ಈ ಕಣಗಳನ್ನು ಹಿಡಿದಿಡುವ ಪ್ರಬಲ ಬಲದ ಸಮೀಕರಣಗಳು ನಮ್ಮ ಕೈಯಲ್ಲೇ ಇವೆ, ಆದರೆ ಇಷ್ಟು ಸಾಂದ್ರತೆಗೆ ಅವನ್ನು ಸೂಪರ್ ಕಂಪ್ಯೂಟರಿನಲ್ಲೂ ನೇರವಾಗಿ ಬಿಡಿಸಲು ಬರುವುದಿಲ್ಲ.

ಒಂದು ಸಾಂದ್ರತೆಯಲ್ಲಿ ಎಷ್ಟು ಒತ್ತಡ ಅಂತ ಹೇಳುವ ಸೂತ್ರಕ್ಕೆ ಸ್ಥಿತಿ ಸಮೀಕರಣ ಅನ್ನುತ್ತಾರೆ. ಈ ಕ್ಷೇತ್ರದ ತಲೆನೋವೆಲ್ಲ ಅದರ ಸುತ್ತಲೇ. ಒಂದೊಂದು ಸಮೀಕರಣವೂ ಇಷ್ಟು ತೂಕದ ನಕ್ಷತ್ರಕ್ಕೆ ಇಷ್ಟು ಗಾತ್ರ ಅಂತ ಒಂದೊಂದು ಲೆಕ್ಕ ಕೊಡುತ್ತದೆ. ಹಾಗಾಗಿ ತೂಕ ಮತ್ತು ಗಾತ್ರ ಎರಡನ್ನೂ ಅಳೆದರೆ ತಪ್ಪು ಸಮೀಕರಣಗಳನ್ನು ಹೊರಗೆ ಹಾಕಬಹುದು. 2010ರಲ್ಲಿ ಮತ್ತು 2013ರಲ್ಲಿ ಸೂರ್ಯನ ಎರಡು ಪಟ್ಟು ತೂಕದ ಪಲ್ಸಾರ್‌ಗಳು ಸಿಕ್ಕವು. ಅಷ್ಟು ಭಾರ ಹೊರಲಾರದ ಮೆತ್ತನೆಯ ಸಮೀಕರಣಗಳೆಲ್ಲ ಒಂದೇ ಏಟಿಗೆ ಕಸದ ಬುಟ್ಟಿ ಸೇರಿದವು.

ನೂರಾರು ಜ್ಯೋತಿರ್ವರ್ಷ ದೂರದ ಗುಂಡಿನ ಗಾತ್ರ ಅಳೆಯುವುದು ಹೇಗೆ?

ಇದು ನನಗೆ ತುಂಬಾ ಇಷ್ಟದ ಭಾಗ. 2017ರಲ್ಲಿ ನಾಸಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲೆ ನೈಸರ್ ಅನ್ನುವ ಎಕ್ಸ್‌ರೇ ಉಪಕರಣ ಕೂರಿಸಿತು. ಪಲ್ಸಾರ್‌ನ ಮೈಮೇಲೆ ಬಿಸಿ ಜಾಗಗಳಿರುತ್ತವೆ. ನಕ್ಷತ್ರ ತಿರುಗಿದ ಹಾಗೆ ಅವು ನಮ್ಮ ಕಡೆ ಬಂದು ಹೋಗುತ್ತವೆ. ಹೊಳಪು ಏರಿಳಿಯುತ್ತದೆ. ಅಲ್ಲಿನ ಗುರುತ್ವ ಎಷ್ಟು ಜೋರೆಂದರೆ, ಬೆನ್ನ ಹಿಂದಿನ ಬೆಳಕೂ ಬಾಗಿ ನಮ್ಮತ್ತ ಬರುತ್ತದೆ. ಎಷ್ಟು ಬಾಗಿದೆ ಅನ್ನುವುದರಿಂದ ತೂಕಕ್ಕೂ ಗಾತ್ರಕ್ಕೂ ಇರುವ ಅನುಪಾತ ಸಿಗುತ್ತದೆ.

2019ರಲ್ಲಿ ಜೆ0030+0451 ಅನ್ನುವ ಪಲ್ಸಾರ್‌ನ ಲೆಕ್ಕ ಬಂತು. ಇಲ್ಲಿ ಕೆಲಸ ನಡೆದ ರೀತಿ ನೋಡಿ. ಒಂದೇ ದತ್ತಾಂಶವನ್ನು ಎರಡು ತಂಡಗಳು ತೆಗೆದುಕೊಂಡವು, ಒಂದು ಆಮ್‌ಸ್ಟರ್‌ಡ್ಯಾಮ್‌ನದು, ಇನ್ನೊಂದು ಅಮೆರಿಕದ ಇಲಿನಾಯ್ ಮತ್ತು ಮೇರಿಲ್ಯಾಂಡ್‌ನದು. ಅವರವರ ತಂತ್ರಾಂಶ ಅವರವರದು. ಒಬ್ಬರಿಗೆ ತ್ರಿಜ್ಯ 12.7 ಕಿ.ಮೀ. ಬಂತು, ಇನ್ನೊಬ್ಬರಿಗೆ 13. ಅದಕ್ಕಿಂತ ಮಜಾ ಏನೆಂದರೆ, ಬಿಸಿ ಜಾಗಗಳು ಪಠ್ಯಪುಸ್ತಕದ ಚಿತ್ರದ ಹಾಗೆ ಎದುರುಬದುರಾಗಿ ಇರಲೇ ಇಲ್ಲ. ಎರಡೂ ಒಂದೇ ಗೋಳಾರ್ಧದಲ್ಲಿ ಕೂತಿದ್ದವು. ಅಂದರೆ ಅದರ ಕಾಂತಕ್ಷೇತ್ರ ನಾವು ಬೋರ್ಡಿನ ಮೇಲೆ ಬರೆಯುವ ಹಾಗೆ ಸರಳವಾಗಿಲ್ಲ.

2021ರಲ್ಲಿ ಸೂರ್ಯನ 2.08 ಪಟ್ಟು ತೂಗುವ ಜೆ0740+6620 ಸರದಿ. ಈ ಸಲ ಒಬ್ಬರದು 12.4, ಇನ್ನೊಬ್ಬರದು 13.7. ದೋಷದ ಅಂಚು ಲೆಕ್ಕಕ್ಕೆ ತಗೊಂಡರೆ ಎರಡೂ ಹೊಂದುತ್ತವೆ. ಆದರೂ ಅಂತರ ಅಂತರವೇ. 2024ರಲ್ಲಿ ನಮಗೆ ತುಂಬ ಹತ್ತಿರದ ಮಿಲಿಸೆಕೆಂಡ್ ಪಲ್ಸಾರ್ (ಸೆಕೆಂಡಿಗೆ ನೂರಾರು ಸುತ್ತು ಹಾಕುವಂಥದ್ದು) ಜೆ0437-4715ಕ್ಕೆ ಸುಮಾರು 11.4 ಅಂತ ಬಂತು. ಇದರ ತೂಕ ನೈಸರ್ ಅಳೆದದ್ದಲ್ಲ, ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕ ವರ್ಷಗಟ್ಟಲೆ ಮಿಡಿತ ಎಣಿಸಿ ಕೊಟ್ಟದ್ದು. ರೇಡಿಯೋದವರು ತೂಕ ಕೊಡದಿದ್ದರೆ ಎಕ್ಸ್‌ರೇಯವರ ಲೆಕ್ಕ ಇಷ್ಟು ಬಿಗಿಯಾಗುತ್ತಿರಲಿಲ್ಲ.

2017ರ ಆಗಸ್ಟ್ 17ರ ಘಟನೆಯನ್ನು ಎಲ್ಲರೂ ಹೊಗಳುತ್ತಾರಲ್ಲ, ಅವತ್ತು ನಿಜವಾಗಿ ಆಗಿದ್ದೇನು?

ನಮ್ಮಲ್ಲಿ ಸಂಜೆ 6 ಗಂಟೆ 11 ನಿಮಿಷ. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದ ಗುರುತ್ವದ ಅಲೆ (ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ಕಂಪನ) ಭೂಮಿ ಮುಟ್ಟಿತು. 1.7 ಸೆಕೆಂಡಿನ ನಂತರ ಫರ್ಮಿ ಉಪಗ್ರಹ ಗಾಮಾ ಕಿರಣದ ಒಂದು ಮಿಂಚು ಕಂಡಿತು.

ಕೇಳಲು ಸಲೀಸು ಅನಿಸುತ್ತದೆ, ಅಲ್ವಾ? ಆ ಹೊತ್ತಿಗೆ ನಡೆದದ್ದು ಅಷ್ಟು ಸಲೀಸಾಗಿರಲಿಲ್ಲ. ಈ ಅಲೆ ಹಿಡಿಯುವ ಅಮೆರಿಕದ ಯಂತ್ರ ಲೈಗೋಗೆ ಎರಡು ಕೇಂದ್ರಗಳಿವೆ, ಹ್ಯಾನ್‌ಫೋರ್ಡ್ ಮತ್ತು ಲಿವಿಂಗ್‌ಸ್ಟನ್. ಸರಿಯಾಗಿ ವಿಲೀನದ ಒಂದು ಸೆಕೆಂಡ್ ಮುಂಚೆ ಲಿವಿಂಗ್‌ಸ್ಟನ್‌ನಲ್ಲಿ ಉಪಕರಣದ್ದೇ ಒಂದು ಗದ್ದಲ ಎದ್ದಿತು. ಹಾಗಾಗಿ ಸ್ವಯಂಚಾಲಿತ ತಂತ್ರಾಂಶ ಹ್ಯಾನ್‌ಫೋರ್ಡ್‌ನ ಸಂಕೇತ ಮಾತ್ರ ಗುರುತಿಸಿತು. ಜನ ಕೂತು ಕಣ್ಣಾರೆ ನೋಡಿ, ಗದ್ದಲ ತೆಗೆದು, ಲಿವಿಂಗ್‌ಸ್ಟನ್‌ನಲ್ಲೂ ಅಲೆ ಇದೆ ಅಂತ ಖಾತ್ರಿ ಮಾಡಿಕೊಳ್ಳಬೇಕಾಯಿತು. ಇಟಲಿಯ ಇಂಥದ್ದೇ ಯಂತ್ರ ವರ್ಗೋ ಈ ವೀಕ್ಷಣೆಯ ಓಟಕ್ಕೆ ಸೇರಿ ಹದಿನಾರು ದಿನ ಆಗಿತ್ತಷ್ಟೇ. ಅದರಲ್ಲಿ ಸಂಕೇತ ಹೆಚ್ಚುಕಡಿಮೆ ಕಾಣಲೇ ಇಲ್ಲ. ಆದರೆ ಅದೇ ಸುಳಿವಾಯಿತು. ವರ್ಗೋಗೆ ಕಾಣಲಿಲ್ಲ ಅಂದರೆ ಮೂಲ ಅದರ ಕುರುಡು ದಿಕ್ಕಿನ ಹತ್ತಿರ ಇದೆ ಅಂತ ಅರ್ಥ. ಆಕಾಶದಲ್ಲಿ ಹುಡುಕಬೇಕಾದ ಜಾಗ ಸುಮಾರು 30 ಚದರ ಡಿಗ್ರಿಗೆ ಇಳಿಯಿತು. ಚಿಲಿಯಲ್ಲಿ ಕತ್ತಲಾದ ಮೇಲೆ, ಅಲೆ ಬಂದು ಸುಮಾರು 11 ಗಂಟೆ ಕಳೆದು, ಒಂದು ಮೀಟರಿನ ಸ್ವೋಪ್ ದೂರದರ್ಶಕ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಹೊಸ ಬೆಳಕಿನ ಚುಕ್ಕೆ ಹಿಡಿಯಿತು. ಮುಂದೆ ಸುಮಾರು 70 ವೀಕ್ಷಣಾಲಯಗಳು ಅದರ ಹಿಂದೆ ಬಿದ್ದವು. ಪುಣೆ ಹತ್ತಿರ ಖೋಡದ್‌ನ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯೂ ಅದರ ರೇಡಿಯೋ ಬೆಳಕನ್ನು ಬೆನ್ನಟ್ಟಿತು.

ಚಿನ್ನ, ಪ್ಲಾಟಿನಂನಂಥ ಭಾರದ ಧಾತುಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆ ಅನ್ನುವುದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ಇದರಿಂದಲೇ. ಒಂದಾಗುವ ಮುಂಚೆ ನಕ್ಷತ್ರಗಳು ಒಂದನ್ನೊಂದು ಎಷ್ಟು ಜಗ್ಗಿ ಆಕಾರ ಕೆಡಿಸಿದವು ಅನ್ನುವುದರಿಂದ ತ್ರಿಜ್ಯ ಸುಮಾರು 12 ಕಿ.ಮೀ. ಅಂತ ಬಂತು. ನೈಸರ್‌ನ ಲೆಕ್ಕಕ್ಕೆ ಒಂದಿಷ್ಟೂ ಸಂಬಂಧ ಇಲ್ಲದ ದಾರಿಯಿಂದ ಹೆಚ್ಚುಕಡಿಮೆ ಅದೇ ಸಂಖ್ಯೆ!

ಆಮೇಲೆ ಅಂಥದ್ದು ಎಷ್ಟು ಸಿಕ್ಕಿವೆ?

ಬೆಳಕೂ ಅಲೆಯೂ ಖಚಿತವಾಗಿ ಒಟ್ಟಿಗೆ ಸಿಕ್ಕಿದ್ದು ಅದೊಂದೇ. 2019ರ ಏಪ್ರಿಲ್ 25ರಂದು ಇನ್ನೊಂದು ಜೋಡಿ ಒಂದಾಯಿತು. ಆಗ ಹ್ಯಾನ್‌ಫೋರ್ಡ್ ನಿಂತಿತ್ತು. ಹುಡುಕಬೇಕಾದ ಜಾಗ 8000 ಚದರ ಡಿಗ್ರಿ ದಾಟಿತು. ಬೆಳಕು ಸಿಗಲಿಲ್ಲ. 2025ರ ನವೆಂಬರ್‌ನಲ್ಲಿ ಮುಗಿದ ನಾಲ್ಕನೇ ಓಟದಲ್ಲೂ 2017ರ ಹಾಗೆ ಅದೃಷ್ಟ ಖುಲಾಯಿಸಲಿಲ್ಲ.

ಹಾಗಾದರೆ ಲೈಗೋ-ಇಂಡಿಯಾ ಬಂದರೆ ಏನು ಬದಲಾಗುತ್ತದೆ?

ದಿಕ್ಕು ಗೊತ್ತಾಗುತ್ತದೆ. ಅಲೆ ಒಂದು ಕೇಂದ್ರದಿಂದ ಇನ್ನೊಂದಕ್ಕೆ ತಲುಪಲು ಹಿಡಿಯುವ ಸಮಯದಿಂದಲೇ ದಿಕ್ಕು ಕಂಡುಹಿಡಿಯುವುದು. ಕೇಂದ್ರಗಳು ದೂರ ಇದ್ದಷ್ಟೂ ಒಳ್ಳೆಯದು. ಭಾರತ ಉಳಿದ ಎಲ್ಲ ಕೇಂದ್ರಗಳಿಂದಲೂ ದೂರ. ಜೊತೆಗೆ ಒಂದು ಕೇಂದ್ರ ಮಲಗಿದರೂ ಇನ್ನೊಂದು ಎಚ್ಚರ ಇರುತ್ತದೆ. 2019ರ ಕಥೆ ನೋಡಿದಿರಲ್ಲ.

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದ ಬಳಿ ಜಾಗ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಮುಖ್ಯ ಉಪಕರಣಗಳು ಅಮೆರಿಕದಿಂದ, ಕಟ್ಟಡ ಮತ್ತು ನಿರ್ವಾತ ವ್ಯವಸ್ಥೆ ನಮ್ಮದು. ಇಂದೋರ್, ಗಾಂಧಿನಗರ, ಪುಣೆಯ ಸಂಸ್ಥೆಗಳು ಸೇರಿ ಮಾಡುತ್ತಿವೆ. ನನ್ನ ಅಭಿಪ್ರಾಯ ಕೇಳಿದರೆ, ಇದು ಹತ್ತು ವರ್ಷ ಮುಂಚೆಯೇ ಎದ್ದು ನಿಲ್ಲಬೇಕಿತ್ತು. ತತ್ವದ ಒಪ್ಪಿಗೆ 2016ರಲ್ಲೇ ಸಿಕ್ಕಿತ್ತು. 2025ರಲ್ಲಿ ಅಮೆರಿಕದ ಬಜೆಟ್ ಪ್ರಸ್ತಾವವೊಂದು ಅಲ್ಲಿನ ಎರಡು ಕೇಂದ್ರಗಳಲ್ಲಿ ಒಂದನ್ನಷ್ಟೇ ನಡೆಸುವ ಮಾತಾಡಿತು. ಇಡೀ ಜಗತ್ತು ಒಂದೇ ದೇಶದ ದುಡ್ಡಿನ ಮೇಲೆ ಕೂತಿದ್ದರೆ ಹೀಗೇ ಆಗುವುದು.

ಇನ್ನೂ ದೊಡ್ಡ ಯಂತ್ರಗಳ ಮಾತು ಕೇಳುತ್ತೇವೆ. ಅವು ಯಾಕೆ?

ಲೈಗೋದ ತೋಳು (ಲೇಸರ್ ಓಡಾಡುವ ಉದ್ದನೆಯ ಕೊಳವೆ) 4 ಕಿ.ಮೀ. ಅಮೆರಿಕದವರು ಯೋಚಿಸುತ್ತಿರುವ ಕಾಸ್ಮಿಕ್ ಎಕ್ಸ್‌ಪ್ಲೋರರ್‌ಗೆ 40 ಕಿ.ಮೀ. ಯುರೋಪಿನ ಐನ್‌ಸ್ಟೈನ್ ಟೆಲಿಸ್ಕೋಪ್ ನೆಲದಡಿಯಲ್ಲಿ ಬರಬೇಕಾದದ್ದು. 10 ಕಿ.ಮೀ. ತೋಳುಗಳ ಒಂದು ತ್ರಿಕೋನವೋ, 15 ಕಿ.ಮೀ. ತೋಳಿನ ಎರಡು ಯಂತ್ರಗಳೋ ಅನ್ನುವ ಚರ್ಚೆ ಇದೆ. ಸಾರ್ಡಿನಿಯಾ, ನೆದರ್ಲೆಂಡ್ಸ್–ಬೆಲ್ಜಿಯಂ–ಜರ್ಮನಿ ಗಡಿ, ಜರ್ಮನಿಯ ಲುಸೇಷಿಯಾ, ಮೂರೂ ಕಡೆಯವರು ನಮಗೇ ಕೊಡಿ ಅನ್ನುತ್ತಿದ್ದಾರೆ.

ಮುಖ್ಯ ಆಸೆ ಏನೆಂದರೆ, ಡಿಕ್ಕಿಯಾದ *ನಂತರದ* ಸದ್ದು ಕೇಳುವುದು. ಎರಡು ನಕ್ಷತ್ರ ಸೇರಿ ಆದ ಗುಂಡು ಕೆಲವು ಮಿಲಿಸೆಕೆಂಡ್ ನಡುಗುತ್ತದೆ. ಆ ನಡುಕ 2ರಿಂದ 4 ಕಿಲೋಹರ್ಟ್ಸ್. ಒಳಗೆ ಕ್ವಾರ್ಕ್ ಇದೆಯೋ ಇಲ್ಲವೋ ಅನ್ನುವ ಸುಳಿವು ಅಲ್ಲೇ ಇರಬಹುದು. ಈಗಿನ ಯಂತ್ರಗಳ ಕಿವಿ ಚುರುಕಿರುವುದು ಕೆಲವು ನೂರು ಹರ್ಟ್ಸ್ ಸುತ್ತಮುತ್ತ ಮಾತ್ರ. 2017ರಲ್ಲೂ ಆ ನಡುಕಕ್ಕಾಗಿ ಹುಡುಕಿದರು, ಸಿಗಲಿಲ್ಲ.

ಇದರಲ್ಲಿ ಭೂಮಿಯ ಮೇಲಿನ ಲ್ಯಾಬ್‌ಗಳಿಗೆ ಏನು ಕೆಲಸ?

ತುಂಬಾ ಇದೆ. ಸುದ್ದಿಯಾಗುವುದಿಲ್ಲ ಅಷ್ಟೇ.

ಸೀಸದ ಪರಮಾಣು ಬೀಜದಲ್ಲಿ 82 ಪ್ರೋಟಾನ್, 126 ನ್ಯೂಟ್ರಾನ್. ಹೆಚ್ಚುವರಿ ನ್ಯೂಟ್ರಾನ್‌ಗಳು ಹೊರಗೆ ತೆಳ್ಳಗಿನ ಒಂದು ಸಿಪ್ಪೆ ಕಟ್ಟುತ್ತವೆ. ನ್ಯೂಟ್ರಾನ್‌ಗಳನ್ನು ಹೊರಗೆ ತಳ್ಳುವ ಒತ್ತಡ ಜಾಸ್ತಿಯಿದ್ದರೆ ಸಿಪ್ಪೆ ದಪ್ಪ. ಅದೇ ಒತ್ತಡ ನ್ಯೂಟ್ರಾನ್ ನಕ್ಷತ್ರವನ್ನೂ ಉಬ್ಬಿಸುತ್ತದೆ. ಬೀಜಕ್ಕೂ ನಕ್ಷತ್ರಕ್ಕೂ ಗಾತ್ರದಲ್ಲಿ ಹದಿನೆಂಟು ಸೊನ್ನೆಗಳ ವ್ಯತ್ಯಾಸ, ಆದರೂ ಭೌತಶಾಸ್ತ್ರ ಒಂದೇ.

ಅಮೆರಿಕದ ಜೆಫರ್ಸನ್ ಲ್ಯಾಬ್‌ನವರು ಸೀಸಕ್ಕೆ ಎಲೆಕ್ಟ್ರಾನ್ ಹೊಡೆದು 2021ರಲ್ಲಿ ಸಿಪ್ಪೆ ಸುಮಾರು 0.28 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಅಂದರೆ ಮೀಟರಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು) ಅಂದರು. ಇದು ಎಣಿಸಿದ್ದಕ್ಕಿಂತ ದಪ್ಪ. ಹಾಗಾದರೆ ನಕ್ಷತ್ರವೂ ದೊಡ್ಡದಿರಬೇಕು. ಮರುವರ್ಷ ಅದೇ ಲ್ಯಾಬ್ ಕ್ಯಾಲ್ಸಿಯಂ-48 ಅಳೆಯಿತು. ಸಿಪ್ಪೆ 0.12, ಅಂದರೆ ತೆಳು! ಎರಡನ್ನೂ ಒಟ್ಟಿಗೆ ಸರಿಯಾಗಿ ವಿವರಿಸುವ ಸಿದ್ಧಾಂತ ಕೂರಿಸಲು ಜನ ಇನ್ನೂ ಒದ್ದಾಡುತ್ತಿದ್ದಾರೆ. ಜರ್ಮನಿಯ ಮೈನ್ಜ್‌ನಲ್ಲಿ ಇನ್ನಷ್ಟು ನಿಖರವಾಗಿ ಸೀಸವನ್ನು ಅಳೆಯುವ ಯೋಜನೆ ಇದೆ. ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟುತ್ತಿರುವ ಫೇರ್ ಕೇಂದ್ರದಲ್ಲಿ ಭಾರದ ಬೀಜಗಳನ್ನು ಗುದ್ದಿಸಿ, ನಕ್ಷತ್ರದ ತಿರುಳಿನಷ್ಟು ಸಾಂದ್ರತೆಯನ್ನು ಕ್ಷಣಮಾತ್ರ ಮಾಡಿ ನೋಡುತ್ತಾರೆ. ಅದರಲ್ಲಿ ಭಾರತವೂ ಪಾಲುದಾರ, ಕೋಲ್ಕತ್ತದ ಬೋಸ್ ಇನ್‌ಸ್ಟಿಟ್ಯೂಟ್ ಮುಂದಾಳು.

ಕರ್ನಾಟಕಕ್ಕೆ ಇದರಲ್ಲಿ ಪಾಲಿದೆಯೇ, ಅಥವಾ ಸುಮ್ನೆ ಹೆಮ್ಮೆಗೆ ಹೇಳುತ್ತೀರೋ?

ಇದೆ, ಅದೂ ಬೇರಿನಿಂದಲೇ. 1969ರಲ್ಲಿ ವೇಲಾ ಪಲ್ಸಾರ್ ಇದ್ದಕ್ಕಿದ್ದಂತೆ ಸ್ವಲ್ಪ ವೇಗ ಹೆಚ್ಚಿಸಿಕೊಂಡದ್ದನ್ನು ಪಾರ್ಕ್ಸ್‌ನಲ್ಲಿ ಕಂಡವರು ವಿ. ರಾಧಾಕೃಷ್ಣನ್ ಮತ್ತು ಡಿಕ್ ಮ್ಯಾಂಚೆಸ್ಟರ್. ಸರ್ ಸಿ.ವಿ. ರಾಮನ್ ಅವರ ಮಗ ರಾಧಾಕೃಷ್ಣನ್ 1972ರಿಂದ 1994ರವರೆಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರು ಕಂಡದ್ದಕ್ಕೆ ಇವತ್ತು ಗ್ಲಿಚ್ ಅನ್ನುತ್ತಾರೆ. ಒಳಗಿನ ಘರ್ಷಣೆಯಿಲ್ಲದ ದ್ರವ ಚಿಪ್ಪಿಗೆ ತಟ್ಟನೆ ವೇಗ ದಾಟಿಸುತ್ತದೆ ಅನ್ನುವುದು ಹೆಚ್ಚಿನವರ ವಿವರಣೆ. 2016ರ ಡಿಸೆಂಬರ್‌ನಲ್ಲಿ ಟಾಸ್ಮೇನಿಯಾದ ಒಂದು ದೂರದರ್ಶಕ ವೇಲಾದ ಗ್ಲಿಚ್ ಅನ್ನು ಆಗುತ್ತಿರುವಾಗಲೇ ಹಿಡಿಯಿತು. ಆ ಹೊತ್ತಿಗೆ ಒಂದು ಮಿಡಿತವೇ ತಪ್ಪಿಹೋಗಿತ್ತು.

1982ರಲ್ಲಿ ಸೆಕೆಂಡಿಗೆ 642 ಸುತ್ತು ಹಾಕುವ ಮೊದಲ ಮಿಲಿಸೆಕೆಂಡ್ ಪಲ್ಸಾರ್ ಪತ್ತೆ ಮಾಡಿದ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಇದ್ದರು. ಆಗ ಅವರು ಬರ್ಕ್ಲಿಯ ವಿದ್ಯಾರ್ಥಿ. ಮುದಿ ಪಲ್ಸಾರ್ ಪಕ್ಕದ ನಕ್ಷತ್ರದ ಅನಿಲ ಕುಡಿದು ಮತ್ತೆ ವೇಗ ಪಡೆಯುತ್ತದೆ ಅಂತ ಅದೇ ವರ್ಷ ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಬೆಂಗಳೂರಿನಿಂದ ಬರೆದರು. ಬೇರೊಂದು ತಂಡವೂ ಅದೇ ಹೊತ್ತಿಗೆ ಅದನ್ನೇ ಹೇಳಿತು. ಇವತ್ತು ಅದೇ ಒಪ್ಪಿತ ವಿವರಣೆ. ಗೌರಿಬಿದನೂರಿನ ದೂರದರ್ಶಕ 34.5 ಮೆಗಾಹರ್ಟ್ಸ್‌ನಷ್ಟು ಕೆಳಗಿನ ಆವರ್ತನದಲ್ಲಿ ಪಲ್ಸಾರ್‌ಗಳನ್ನು ಕೇಳಿತ್ತು. ಅಷ್ಟು ಕೆಳಗೆ ಕೇಳಿದವರು ಜಗತ್ತಿನಲ್ಲೇ ಕಮ್ಮಿ.

ಈಗಿನದು ಕೇಳಿದರೆ, 2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿರುವ ಪೋಲಿಕ್ಸ್ ಉಪಕರಣ ರಾಮನ್ ಸಂಸ್ಥೆಯಲ್ಲೇ ತಯಾರಾದದ್ದು. 8ರಿಂದ 30 ಕೆಇವಿ ಶಕ್ತಿಯ ಎಕ್ಸ್‌ರೇ ಯಾವ ದಿಕ್ಕಿಗೆ ಕಂಪಿಸುತ್ತದೆ ಅಂತ ಅಳೆಯುತ್ತದೆ. ನಾಸಾದ ಐಎಕ್ಸ್‌ಪಿಇ ನೋಡುವುದು 2ರಿಂದ 8 ಕೆಇವಿ. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಲ್ಲಿ ಕೂತು.

ಪಲ್ಸಾರ್‌ಗಳನ್ನು ಗಡಿಯಾರದ ಹಾಗೆ ಬಳಸುತ್ತಾರಂತೆ?

ಹೌದು. ಗುರುತ್ವದ ಅಲೆ ಹಾದುಹೋದರೆ ಮಿಡಿತ ಬಂದು ತಲುಪುವ ಹೊತ್ತು ಒಂಚೂರು ಹಿಂದುಮುಂದಾಗುತ್ತದೆ. 2023ರ ಜೂನ್ 29ರಂದು ಅಮೆರಿಕ, ಯುರೋಪ್–ಭಾರತ, ಆಸ್ಟ್ರೇಲಿಯಾ, ಚೀನಾ ತಂಡಗಳು ಒಂದೇ ದಿನ ಘೋಷಿಸಿದವು: ವರ್ಷಗಟ್ಟಲೆ ಉದ್ದದ ಗುರುತ್ವ ಅಲೆಗಳ ಹಿನ್ನೆಲೆ ಗುನುಗಿಗೆ ಸಾಕ್ಷಿ ಸಿಕ್ಕಿದೆ ಅಂತ. ಭಾರತದ ತಂಡದಲ್ಲಿ ಜಪಾನಿನವರೂ ಇದ್ದಾರೆ. ಜಿಎಂಆರ್‌ಟಿಯ ಕೊಡುಗೆ ಸಣ್ಣದಲ್ಲ. ನಕ್ಷತ್ರಗಳ ನಡುವಿನ ಎಲೆಕ್ಟ್ರಾನ್‌ಗಳು ಮಿಡಿತವನ್ನು ತಡಮಾಡುತ್ತವೆ, ಕಡಿಮೆ ಆವರ್ತನಕ್ಕೆ ಜಾಸ್ತಿ ತಡ. ಜಿಎಂಆರ್‌ಟಿ ಕಡಿಮೆ ಆವರ್ತನದಲ್ಲಿ ಆ ತಡವನ್ನು ಚೆನ್ನಾಗಿ ಅಳೆದು, ಲೆಕ್ಕದಿಂದ ಕಳೆಯಲು ನೆರವಾಗುತ್ತದೆ. ಮುಂದಿನ ಹೆಜ್ಜೆ, ಎಲ್ಲರ ದತ್ತಾಂಶ ಒಂದೇ ರಾಶಿಗೆ ಹಾಕುವುದು.

ಎಸ್‌ಕೆಎ ಅನ್ನುವ ದೊಡ್ಡ ರೇಡಿಯೋ ದೂರದರ್ಶಕ?

ಆಸ್ಟ್ರೇಲಿಯಾದಲ್ಲಿ 1,31,072 ಆಂಟೆನಾ, ದಕ್ಷಿಣ ಆಫ್ರಿಕಾದಲ್ಲಿ 197 ಡಿಶ್. ಭಾರತ ಸದಸ್ಯ ದೇಶ, 1250 ಕೋಟಿ ರೂಪಾಯಿ ಮಂಜೂರಾಗಿದೆ. ಸಾವಿರಾರು ಹೊಸ ಪಲ್ಸಾರ್ ಸಿಗುವ ನಿರೀಕ್ಷೆ. ಪಲ್ಸಾರ್ ಕಪ್ಪುಕುಳಿಯನ್ನು ಸುತ್ತುವ ಒಂದು ಜೋಡಿ ಸಿಕ್ಕರೂ ಸಾಕು ಅಂತ ಎಲ್ಲರ ಆಸೆ.

ಸಾವಿರಾರು ಜನ ಸೇರಿ ಒಂದು ಪ್ರಬಂಧ ಬರೆದರೆ ಯಾರು ಏನು ಮಾಡಿದರು ಅಂತ ಗೊತ್ತಾಗುತ್ತದೆಯೇ?

ನ್ಯಾಯವಾದ ಪ್ರಶ್ನೆ. 2017ರ ಘಟನೆಯ ಒಟ್ಟು ಪ್ರಬಂಧಕ್ಕೆ 3500ಕ್ಕೂ ಹೆಚ್ಚು ಲೇಖಕರು. ಸಂಕೇತ ಶುದ್ಧ ಮಾಡಿ ರಾತ್ರಿ ಕೂತ ಹುಡುಗಿಯ ಹೆಸರೂ, ವರ್ಷಕ್ಕೆ ಎರಡು ಮೀಟಿಂಗಿಗೆ ಬಂದವರ ಹೆಸರೂ ಅಕ್ಷರಮಾಲೆ ಕ್ರಮದಲ್ಲಿ ಅಕ್ಕಪಕ್ಕ. ಕೆಲಸ ಹುಡುಕುವಾಗ ಕಷ್ಟ ಕಿರಿಯರಿಗೇ. ಈ ಕ್ಷೇತ್ರಕ್ಕೆ ಇದು ಹೊಸದೇನಲ್ಲ. ಪಲ್ಸಾರ್‌ಗೆ 1974ರ ನೊಬೆಲ್ ಬಂದಾಗ ಅದರಲ್ಲಿ ಬೆಲ್ ಹೆಸರಿರಲಿಲ್ಲ, ಅವರ ಮಾರ್ಗದರ್ಶಕ ಹ್ಯೂಯಿಶ್ ಹೆಸರಿತ್ತು.

ಒಳ್ಳೆಯದಕ್ಕೆ ಬದಲಾದದ್ದೂ ಇದೆ. 2017ರಲ್ಲಿ ಲೈಗೋ ಎಚ್ಚರಿಕೆ ಬರುತ್ತಿದ್ದುದು ಒಪ್ಪಂದ ಮಾಡಿಕೊಂಡವರಿಗೆ ಮಾತ್ರ. 2019ರಿಂದ ಅದು ಎಲ್ಲರಿಗೂ ಮುಕ್ತ. ಹವ್ಯಾಸಿಗಳ ಫೋನಿಗೂ ಬರುತ್ತದೆ.

ಒಂದೇ ಆದ್ಯತೆ ಆರಿಸಿ ಅಂದರೆ ನೀವು ಯಾವುದಕ್ಕೆ ಓಟು ಹಾಕುತ್ತೀರಿ?

ಹೊಸ ಯಂತ್ರಕ್ಕಲ್ಲ. ಇರುವ ಅಳತೆಗಳನ್ನು ಬೆಸೆಯುವ ಕೆಲಸಕ್ಕೆ. ರೇಡಿಯೋದ ತೂಕ, ಎಕ್ಸ್‌ರೇಯ ಗಾತ್ರ, ಗುರುತ್ವ ಅಲೆಯ ಜಗ್ಗಾಟ, ಸೀಸದ ಸಿಪ್ಪೆ, ಇವು ನಾಲ್ಕೂ ಒಂದೇ ಸಮೀಕರಣದ ಬಗ್ಗೆ ಮಾತಾಡುತ್ತಿವೆ. ಆದರೆ ನಾಲ್ಕು ಸಮುದಾಯಗಳ ದೋಷದ ಲೆಕ್ಕ ನಾಲ್ಕು ಥರ, ಊಹೆಗಳು ನಾಲ್ಕು ಥರ. ಒಬ್ಬರ ಊಹೆ ಇನ್ನೊಬ್ಬರ ಉತ್ತರದಲ್ಲಿ ಗೊತ್ತಾಗದೆ ನುಸುಳುತ್ತದೆ. ನೈಸರ್‌ನಲ್ಲಿ ಮಾಡಿದ ಹಾಗೆ ಎರಡು ಸ್ವತಂತ್ರ ತಂಡ, ಬಿಚ್ಚಿಟ್ಟ ತಂತ್ರಾಂಶ, ಅದೇ ಪದ್ಧತಿ ಎಲ್ಲ ಕಡೆ ಬರಬೇಕು. ಇದಕ್ಕೆ ಬೇಕಾದ ದುಡ್ಡು ಒಂದು ದೊಡ್ಡ ಯಂತ್ರದ ಚಿಲ್ಲರೆ. ಆದರೆ ಚಿಲ್ಲರೆ ಕೆಲಸಕ್ಕೆ ರಿಬ್ಬನ್ ಕತ್ತರಿಸಲು ಯಾರೂ ಬರುವುದಿಲ್ಲ.

ಎರಡನೇ ಓಟು ದಕ್ಷ ಅನ್ನುವ ಪ್ರಸ್ತಾವಕ್ಕೆ. ಐಐಟಿ ಬಾಂಬೆಯ ಮುಂದಾಳತ್ವದ ಎರಡು ಉಪಗ್ರಹಗಳು. ಭೂಮಿಯ ಎರಡು ಬದಿಯಲ್ಲಿದ್ದು ಇಡೀ ಆಕಾಶದ ಗಾಮಾ ಕಿರಣದ ಮಿಂಚುಗಳಿಗೆ ಕಾದು ಕೂರುತ್ತವೆ. ಅಲೆ ಬಂದಾಗ ನೋಡುವ ಕಣ್ಣೇ ಇಲ್ಲದಿದ್ದರೆ ಲೈಗೋ-ಇಂಡಿಯಾ ಇದ್ದೂ ಅರ್ಧ ಕೆಲಸ.

ಇದರಿಂದ ಜನಸಾಮಾನ್ಯರಿಗೆ ಏನು ಲಾಭ?

ನೇರ ಲಾಭ ಕಮ್ಮಿ, ಬಣ್ಣ ಹಚ್ಚಿ ಹೇಳುವುದು ಬೇಡ. ಪಲ್ಸಾರ್ ಮಿಡಿತ ನೋಡಿ ಬಾಹ್ಯಾಕಾಶದಲ್ಲಿ ದಾರಿ ಕಂಡುಹಿಡಿಯಬಹುದು ಅಂತ ನೈಸರ್ 2017ರಲ್ಲಿ ತೋರಿಸಿತು, ನಿಲ್ದಾಣದ ಜಾಗವನ್ನು 16 ಕಿ.ಮೀ. ಒಳಗೆ ಹೇಳಿತು. ಉಳಿದದ್ದು ಲೇಸರ್, ನಿರ್ವಾತ, ದತ್ತಾಂಶ ಕಲಿತ ಜನ.

ನಾನು ಬಿಎಸ್ಸಿ ಓದುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಗಣಿತ, ಸಂಖ್ಯಾಶಾಸ್ತ್ರ, ಪೈಥಾನ್ ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ. ಲೈಗೋ ದತ್ತಾಂಶ ಅಂತರ್ಜಾಲದಲ್ಲಿ ಪುಕ್ಕಟೆ, ಪಾಠಗಳೂ ಜೊತೆಗಿವೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಸ್ಥೆ, ಕೋರಮಂಗಲದ ಖಭೌತ ಸಂಸ್ಥೆ, ಐಸಿಟಿಎಸ್ ಎಲ್ಲ ಒಂದೇ ಊರಲ್ಲಿ. ಪಿಎಚ್‌ಡಿಗೆ ಜೆಸ್ಟ್, ಗೇಟ್, ನೆಟ್ ಪರೀಕ್ಷೆಗಳು ದಾರಿ. ಎಂಜಿನಿಯರಿಂಗ್ ಓದುತ್ತಿದ್ದರೆ ಬೇಜಾರು ಬೇಡ. ಲೈಗೋ-ಇಂಡಿಯಾಗೆ ನಿರ್ವಾತ, ನಿಯಂತ್ರಣ, ದೃಗ್ವಿಜ್ಞಾನ ಬಲ್ಲವರು ಬೇಕೇ ಬೇಕು.

ಇವು ಭೂಮಿಗೆ ಅಪಾಯವೇ?

ಇಲ್ಲ. ಗೊತ್ತಿರುವ ತುಂಬ ಹತ್ತಿರದ್ದೇ ಸುಮಾರು 400 ಜ್ಯೋತಿರ್ವರ್ಷ ದೂರ. 2004ರ ಡಿಸೆಂಬರ್ 27ರಂದು ಹತ್ತಾರು ಸಾವಿರ ಜ್ಯೋತಿರ್ವರ್ಷ ಆಚೆಯ ಒಂದು ಮ್ಯಾಗ್ನೆಟಾರ್ (ಭಾರಿ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ) ಸಿಡಿದು ನಮ್ಮ ಮೇಲ್ವಾತಾವರಣವನ್ನು ಸ್ವಲ್ಪ ಹೊತ್ತು ಕಲಕಿತ್ತು. ಉಪಕರಣ ಇದ್ದವರಿಗೆ ಮಾತ್ರ ಗೊತ್ತಾಯಿತು.